ರಿವಾಲ್ವರಿಗೆ ಕೆಂಪು ಚುಕ್ಕಿಯ ದರ್ಶಕ: ಕೂರಿಸುವ ಕ್ರಮ, ಕೂರಿಸಬಾರದ ಕಡೆ

ನಲವತ್ತೈದು ದಾಟಿದ ಬೆಳೆಗಾರನು ಧಾರಣೆಯ ಪಟ್ಟಿಯನ್ನು ಕೈ ನೀಡಿ ದೂರ ಹಿಡಿದು ಓದತೊಡಗುತ್ತಾನೆ. ಅದೇ ಹೊತ್ತಿಗೆ ಅವನ ಕೋವಿಯ ಗುರಿಯೂ ಮಸುಕಾಗಿರುತ್ತದೆ. ಕಣ್ಣೊಳಗಿನ ಮಸೂರವು ವಯಸ್ಸಾದಂತೆ ಬಿಗಿದುಕೊಂಡು, ಹತ್ತಿರಕ್ಕೂ ದೂರಕ್ಕೂ ಬೇಗ ಬೇಗ ಹೊಂದಿಕೊಳ್ಳುವ ಶಕ್ತಿಯನ್ನು ಕಳೆದುಕೊಳ್ಳುವುದೇ ಇದಕ್ಕೆ ಕಾರಣ. ಉದ್ದ ನಳಿಗೆಯ ತೋಟೆಕೋವಿಯಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ರಿವಾಲ್ವರಿನಲ್ಲಿ ಚೆನ್ನಾಗಿ ತಿಳಿಯುತ್ತದೆ.

ಸಂಬಳದ ಹಣ ತರುವಾಗಿನ ರಕ್ಷಣೆಗೆಂದೋ, ಒಂಟಿಮನೆಯ ಧೈರ್ಯಕ್ಕೆಂದೋ ಲೈಸೆನ್ಸು ಪಡೆದು ರಿವಾಲ್ವರು ಇಟ್ಟುಕೊಂಡಿರುವ ಸದಸ್ಯರು ನಮ್ಮಲ್ಲಿ ಕೆಲವರಿದ್ದಾರೆ. ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿ ಬಂದವರು ಅಲ್ಲಿಯ ರಿವಾಲ್ವರುಗಳ ಮೇಲೆ ಸಣ್ಣ ಗಾಜಿನ ಕಿಟಕಿಯಂತಹ ಉಪಕರಣವನ್ನು ಕಂಡು, ಇದನ್ನು ನಮ್ಮದಕ್ಕೂ ಹಾಕಿಸಬಹುದೇ ಎಂದು ಕೇಳುತ್ತಾರೆ. ಅದು ಏನು, ಹೇಗೆ ಕೆಲಸ ಮಾಡುತ್ತದೆ, ಹುಟ್ಟಿದ ನಾಡಿನಲ್ಲಿ ಅದನ್ನು ಹೇಗೆ ಕೂರಿಸುತ್ತಾರೆ, ನಮ್ಮಲ್ಲಿಯ ರಿವಾಲ್ವರುಗಳಿಗೆ ಅದು ಹೊಂದುತ್ತದೆಯೇ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಮೂರು ಕಡೆ ನೋಡಬೇಕಾದ ಒಂದು ಕಣ್ಣು

ರಿವಾಲ್ವರಿನ ಸಾಮಾನ್ಯ ಗುರಿಗೆ ಎರಡು ಭಾಗ. ನಳಿಗೆಯ ತುದಿಯಲ್ಲಿರುವ ಚಪ್ಪಟೆ ಮೊಳೆಯನ್ನು ಮುಂಗುರಿ ಎನ್ನೋಣ. ಹಿಂಬದಿಯ ಸೀಳನ್ನು ಹಿಂಗುರಿ ಎನ್ನೋಣ. ಸೀಳಿನ ನಡುವೆ ಮೊಳೆ ನಿಂತು, ಮೊಳೆಯ ನೆತ್ತಿಯ ಮೇಲೆ ಗುರಿಯ ವಸ್ತು ಕೂರಬೇಕು. ಕಣ್ಣು ಒಂದೇ ಹೊತ್ತಿಗೆ ಮೂರು ದೂರಗಳನ್ನು ಸ್ಪಷ್ಟವಾಗಿ ನೋಡಲಾರದು. ಆದುದರಿಂದ ಅನುಭವಿಗಳು ಮುಂಗುರಿಯನ್ನು ಮಾತ್ರ ನಿಚ್ಚಳವಾಗಿ ನೋಡಿ, ಉಳಿದೆರಡನ್ನು ಮಸುಕಾಗಲು ಬಿಡುತ್ತಾರೆ. ವಯಸ್ಸಾದ ಕಣ್ಣಿಗೆ ಆ ಮುಂಗುರಿಯೇ ಮಸುಕು.

ಮಸುಕಾದರೆ ಎಷ್ಟು ತಪ್ಪೀತು? ನಾಲ್ಕು ಅಂಗುಲ ನಳಿಗೆಯ ರಿವಾಲ್ವರಿನಲ್ಲಿ ಮುಂಗುರಿಗೂ ಹಿಂಗುರಿಗೂ ಇರುವ ಅಂತರ ಸುಮಾರು 150 ಮಿಲಿಮೀಟರು. ಮೊಳೆಯು ಸೀಳಿನ ನಡುವಿನಿಂದ ಒಂದೇ ಒಂದು ಮಿಲಿಮೀಟರು ಪಕ್ಕಕ್ಕೆ ಸರಿದರೂ 25 ಮೀಟರು ದೂರದಲ್ಲಿ ಗುಂಡು 167 ಮಿಲಿಮೀಟರು, ಅಂದರೆ ಹೆಚ್ಚುಕಡಿಮೆ ಒಂದು ಗೇಣು ಪಕ್ಕಕ್ಕೆ ಬೀಳುತ್ತದೆ. ರಿವಾಲ್ವರಿನಲ್ಲಿ ಗುರಿ ಹಿಡಿಯುವುದು ಕಷ್ಟವೆಂದು ಹೇಳುವುದು ಇದೇ ಲೆಕ್ಕದಿಂದ.

ಚುಕ್ಕಿ ಎಲ್ಲಿಂದ ಬರುತ್ತದೆ

ರೆಡ್ ಡಾಟ್ ಸೈಟ್ ಎಂಬುದನ್ನು ನಾವಿಲ್ಲಿ ಚುಕ್ಕಿ ದರ್ಶಕ ಎಂದು ಕರೆಯೋಣ. ಇದು ಲೇಸರ್ ಅಲ್ಲ. ಲೇಸರ್ ಉಪಕರಣವು ಕೆಂಪು ಬೆಳಕನ್ನು ಹೊರಗೆ ಬಿಟ್ಟು ಎದುರಿನ ವಸ್ತುವಿನ ಮೇಲೆಯೇ ಚುಕ್ಕಿ ಮೂಡಿಸುತ್ತದೆ. ಎದುರಿಗಿರುವವರಿಗೂ ಅದು ಕಾಣುತ್ತದೆ. ಚುಕ್ಕಿ ದರ್ಶಕದ ಚುಕ್ಕಿಯನ್ನು ಕಾಣುವವನು ಗಾಜಿನ ಹಿಂದೆ ಕಣ್ಣಿಟ್ಟವನು ಮಾತ್ರ. ಈ ಎರಡನ್ನು ಒಂದೇ ಎಂದು ತಿಳಿದವರು ಬಹಳ ಮಂದಿ ಇದ್ದಾರೆ.

ಅದರೊಳಗಿನ ಏರ್ಪಾಡು ಸರಳ. ಗಾಜಿನ ಹಿಂದೆ, ಕೆಳಗಡೆ, ಒಂದು ಅತಿ ಸಣ್ಣ ದೀಪವಿರುತ್ತದೆ. ರೇಡಿಯೋದ ಮೇಲೆ ಹೊತ್ತಿಕೊಳ್ಳುವ ಎಲ್.ಇ.ಡಿ. ದೀಪದ ಜಾತಿಯದೇ. ಮುಂದಿರುವ ಗಾಜು ಸ್ವಲ್ಪ ಬಾಗಿದ್ದು, ಅದರ ಮೇಲಿನ ಲೇಪವು ಕೆಂಪು ಬಣ್ಣವನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸಿ ಮಿಕ್ಕ ಬೆಳಕನ್ನು ಹಾದುಹೋಗಲು ಬಿಡುತ್ತದೆ. ಕೆಲವು ದರ್ಶಕಗಳ ಗಾಜಿನಲ್ಲಿ ನೋಟವು ತುಸು ನೀಲಿಯಾಗಿ ಕಾಣುವುದು ಈ ಲೇಪದಿಂದಲೇ. ದೀಪವನ್ನು ಗಾಜಿನ ನಾಭಿಯಲ್ಲಿಯೇ ಇಟ್ಟಿರುವುದರಿಂದ ಹಿಂದಿರುಗುವ ಕಿರಣಗಳು ಒಂದಕ್ಕೊಂದು ಸಮಾನಾಂತರವಾಗಿ ಬರುತ್ತವೆ. ಬಲು ದೂರದ ನಕ್ಷತ್ರದ ಬೆಳಕು ಬರುವುದೂ ಹಾಗೆಯೇ. ಆದುದರಿಂದ ಕಣ್ಣಿಗೆ ಚುಕ್ಕಿಯು ಗಾಜಿನಲ್ಲಿ ಇಲ್ಲ, ದೂರದಲ್ಲಿ ಗುರಿಯ ವಸ್ತುವಿನ ಹತ್ತಿರವೇ ತೇಲುತ್ತಿದೆ ಎನಿಸುತ್ತದೆ. ದೂರಕ್ಕೆ ಚೆನ್ನಾಗಿ ಕಾಣುವ ಮುದಿ ಕಣ್ಣಿಗೆ ಅನುಕೂಲವಾಗುವುದು ಇಲ್ಲಿ. ನೋಡಬೇಕಾದ ಮೂರು ದೂರಗಳು ಒಂದಾಗಿಬಿಡುತ್ತವೆ.

ಇನ್ನೊಂದು ಗುಣವೂ ಇದರಿಂದಲೇ ಬಂದದ್ದು. ಕಣ್ಣು ಗಾಜಿನ ನಡುವೆಯೇ ಇರಬೇಕೆಂದಿಲ್ಲ. ತಲೆ ತುಸು ಅತ್ತಿತ್ತ ಆದರೆ ಚುಕ್ಕಿಯು ಗಾಜಿನ ಅಂಚಿಗೆ ಸರಿದರೂ ತೋರಿಸುವ ಸ್ಥಳ ಹೆಚ್ಚುಕಡಿಮೆ ಅದೇ. ಬಹಳ ಹತ್ತಿರದ ಗುರಿಗೆ ಅಲ್ಪ ವ್ಯತ್ಯಾಸ ಬರುತ್ತದೆ, ಅದು ಗಾಜಿನ ಅಗಲವನ್ನು ಮೀರುವುದಿಲ್ಲ.

ಇದು ಈಚಿನ ಕಂಪ್ಯೂಟರು ಯುಗದ ವಿದ್ಯೆ ಎಂದುಕೊಳ್ಳಬೇಡಿ. ಡಬ್ಲಿನ್ ಊರಿನ ದೂರದರ್ಶಕ ತಯಾರಕ ಹೊವರ್ಡ್ ಗ್ರಬ್ ಎಂಬಾತ 1900ರಲ್ಲಿಯೇ ಇದರ ಮೂಲತತ್ವಕ್ಕೆ ಪೇಟೆಂಟು ಪಡೆದಿದ್ದ. 1918ರಲ್ಲಿ ಜರ್ಮನರು ತಮ್ಮ ಯುದ್ಧವಿಮಾನಗಳಲ್ಲಿ ಇಂತಹ ಗಾಜನ್ನು ಇಟ್ಟು ನೋಡಿದರು. ಎರಡನೆಯ ಮಹಾಯುದ್ಧದ ಹೊತ್ತಿಗೆ ಅದು ಯುದ್ಧವಿಮಾನಗಳ ಸಾಮಾನ್ಯ ಸಲಕರಣೆಯಾಯಿತು. ಆಗಿನ ಬಲ್ಬು ಕೈಕೋವಿಗೆ ಒಗ್ಗುವಷ್ಟು ಸಣ್ಣದಿರಲಿಲ್ಲ. ಎಲ್.ಇ.ಡಿ. ಬಂದ ಮೇಲೆ ಸ್ವೀಡನ್ನಿನ ಏಮ್‌ಪಾಯಿಂಟ್ ಕಂಪನಿಯು 1975ರಲ್ಲಿ ಬಂದೂಕಿಗೆ ಹೊಂದುವ ದರ್ಶಕವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಂದ ಮುಂದೆ ಇದು ಅಮೆರಿಕದ ಗುರಿಪಂದ್ಯಗಳಲ್ಲಿ ಹರಡಿ, ಗಾತ್ರ ಇಳಿಯುತ್ತಾ ಇಳಿಯುತ್ತಾ ಈಗ ಬೆಂಕಿಪೆಟ್ಟಿಗೆಗಿಂತಲೂ ಚಿಕ್ಕದಾಗಿದೆ.

ಚುಕ್ಕಿಯ ಅಳತೆ

ದರ್ಶಕದ ಪೆಟ್ಟಿಗೆಯ ಮೇಲೆ 2, 3, 6 ಎಂ.ಓ.ಎ. ಎಂದು ಬರೆದಿರುತ್ತದೆ. ಇದು ಕೋನದ ಅಳತೆ. ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲು. 100 ಮೀಟರಿಗೆ 29 ಮಿಲಿಮೀಟರು, 25 ಮೀಟರಿಗೆ ಸುಮಾರು 7 ಮಿಲಿಮೀಟರು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, 2ರ ಚುಕ್ಕಿಯು 25 ಮೀಟರಿನಲ್ಲಿ ಒಂದು ಕಾಫಿ ಹಣ್ಣನ್ನು ಮುಚ್ಚುತ್ತದೆ. 3ರ ಚುಕ್ಕಿ ಒಂದು ಸುಲಿದ ಚಾಲಿ ಅಡಿಕೆಯನ್ನು ಮುಚ್ಚುತ್ತದೆ. 6ರ ಚುಕ್ಕಿ ಸಿಪ್ಪೆಸಹಿತ ಗೋಟು ಅಡಿಕೆಯನ್ನೇ ಮುಚ್ಚುತ್ತದೆ. ಸಣ್ಣ ಚುಕ್ಕಿಯಲ್ಲಿ ನಿಖರತೆ ಹೆಚ್ಚು, ದೊಡ್ಡ ಚುಕ್ಕಿ ಕಣ್ಣಿಗೆ ಬೇಗ ಸಿಕ್ಕುತ್ತದೆ. ರಿವಾಲ್ವರಿಗೆ 3ರಿಂದ 6ರ ನಡುವಿನದು ಸಾಕು.

ಚುಕ್ಕಿಯು ದುಂಡಗೆ ಕಾಣದೆ ಬಾಲವಿರುವಂತೆ, ಕವಲೊಡೆದಂತೆ ಕಂಡರೆ ಉಪಕರಣ ಕೆಟ್ಟಿದೆ ಎಂದು ಅಂಗಡಿಯವನೊಂದಿಗೆ ಜಗಳಕ್ಕೆ ಹೋಗುವ ಮೊದಲು ಒಂದು ಪರೀಕ್ಷೆ ಮಾಡಿ. ರಟ್ಟಿನಲ್ಲಿ ಸೂಜಿರಂಧ್ರ ಮಾಡಿ ಅದರ ಮೂಲಕ ನೋಡಿ, ಇಲ್ಲವೇ ಮೊಬೈಲಿನಲ್ಲಿ ಗಾಜಿನ ಹಿಂದಿನಿಂದ ಫೋಟೋ ತೆಗೆಯಿರಿ. ಅದರಲ್ಲಿ ಚುಕ್ಕಿ ದುಂಡಗಿದ್ದರೆ ದೋಷವಿರುವುದು ನಿಮ್ಮ ಕಣ್ಣಿನ ಬಾಗುವಿಕೆಯಲ್ಲಿ. ಕನ್ನಡಕದ ಅಂಗಡಿಯಲ್ಲಿ ಸಿಲಿಂಡರ್ ಪವರ್ ಎನ್ನುವುದು ಇದಕ್ಕೇ.

ಕೂರಿಸುವ ಜಾಗ

ಪಿಸ್ತೂಲಿನ ಮೇಲ್ಭಾಗ ಪ್ರತಿ ಈಡಿಗೂ ಹಿಂದಕ್ಕೆ ಮುಂದಕ್ಕೆ ಓಡುತ್ತದೆ. ಅದರ ಮೇಲೆ ಕುಳಿತ ದರ್ಶಕಕ್ಕೆ ಪ್ರತಿ ಸಲವೂ ಎರಡು ಹೊಡೆತ. ರಿವಾಲ್ವರಿನಲ್ಲಿ ಆ ಓಟವಿಲ್ಲ. ಸಿಲಿಂಡರಿನ ಮೇಲೆ ಸೇತುವೆಯಂತೆ ಹಾದುಹೋಗುವ ಉಕ್ಕಿನ ಪಟ್ಟಿಯೊಂದಿದೆ. ಇದನ್ನು ಮೇಲ್ಪಟ್ಟಿ ಎನ್ನೋಣ. ಅದು ಅಲುಗುವುದಿಲ್ಲ. ದರ್ಶಕಕ್ಕೆ ಇದು ಒಳ್ಳೆಯ ಪೀಠ. ಆದರೆ ಆ ಪಟ್ಟಿಯೇ ರಿವಾಲ್ವರಿನ ಬೆನ್ನೆಲುಬು ಎಂಬುದನ್ನು ಮರೆಯಬಾರದು. ಈಡು ಹಾರಿದಾಗಿನ ಎಳೆತವನ್ನು ಹೊರುವುದೂ ಅದೇ, ಸಿಲಿಂಡರಿಗೂ ನಳಿಗೆಗೂ ನಡುವಿನ ಸಂದಿನಿಂದ ಚಿಮ್ಮುವ ಬಿಸಿ ಅನಿಲದ ಪೆಟ್ಟು ತಿನ್ನುವುದೂ ಅದೇ. ಬಲವಾದ ಮ್ಯಾಗ್ನಮ್ ತೋಟೆಗಳನ್ನು ಬಹಳ ಹಾರಿಸಿದ ರಿವಾಲ್ವರಿನಲ್ಲಿ ಆ ಸಂದಿನ ನೇರಕ್ಕೆ ಪಟ್ಟಿಯ ಅಡಿಯಲ್ಲಿ ಗೀರು ಕೊರೆದಿರುವುದನ್ನು ಕಾಣಬಹುದು.

ಅಮೆರಿಕದಲ್ಲಿ ಕೂರಿಸುವ ಬಗೆಗಳು ಮುಖ್ಯವಾಗಿ ಮೂರು. ಸುಲಭವಾದದ್ದು, ತಿರುಪಿನಿಂದ ಸರಿಹೊಂದಿಸುವ ಹಿಂಗುರಿ ಇರುವ ರಿವಾಲ್ವರುಗಳದ್ದು. ಸ್ಮಿತ್ ಅಂಡ್ ವೆಸನ್ ಕಂಪನಿಯು 1990ರ ದಶಕದ ನಡುವಿನಿಂದ ಇಂತಹ ರಿವಾಲ್ವರುಗಳ ಹಿಂಗುರಿಯ ಎಲೆಯ ಕೆಳಗೆ ಕಾರ್ಖಾನೆಯಲ್ಲಿಯೇ ತೂತು ಕೊರೆದು ತಿರುಪು ಹಾಕಿ ಕಳುಹಿಸುತ್ತದೆ. ಹಿಂಗುರಿಯನ್ನು ಬಿಚ್ಚಿ, ಅದೇ ತೂತುಗಳಿಗೆ ಪೀಠಪಟ್ಟಿಯನ್ನು ಬಿಗಿದು, ಅದರ ಮೇಲೆ ದರ್ಶಕ ಕೂರಿಸಿದರೆ ಆಯಿತು. 2020ರಲ್ಲಿ ಮತ್ತೆ ಬಂದ ಕೋಲ್ಟ್ ಪೈಥಾನ್ ರಿವಾಲ್ವರಿನಲ್ಲಿಯೂ ಇಂತಹ ಅನುಕೂಲವಿದೆ. ಎರಡನೆಯದು ರೂಗರ್ ಕಂಪನಿಯ ಸೂಪರ್ ರೆಡ್‌ಹಾಕ್ ತರಹದ್ದು. 1987ರಲ್ಲಿ ಬಂದ ಈ ಭಾರೀ ರಿವಾಲ್ವರಿನ ಚೌಕಟ್ಟಿನಲ್ಲಿಯೇ ದುರ್ಬೀನಿನ ಬಳೆಗಳು ಕಚ್ಚಿ ಕೂರಲು ಕಚ್ಚುಗಳಿವೆ. ಅಲ್ಲಿ ಕೆಲವು ರಾಜ್ಯಗಳಲ್ಲಿ ಕೈಕೋವಿಯಿಂದ ಜಿಂಕೆ ಬೇಟೆಗೆ ಅನುಮತಿ ಇರುವುದರಿಂದ ಇಂತಹವು ಹುಟ್ಟಿಕೊಂಡವು. ನಮ್ಮಲ್ಲಿ 1972ರ ವನ್ಯಜೀವಿ ಕಾಯಿದೆಯಿಂದ ಆ ಮಾತಿಗೆ ಎಡೆಯಿಲ್ಲ. ಮೂರನೆಯ ಬಗೆ, ತೂತಿಲ್ಲದ ಮೇಲ್ಪಟ್ಟಿಗೆ ಹೊಸದಾಗಿ ತೂತು ಕೊರೆದು ತಿರುಪು ಹಾಕುವುದು. ಇದು ಕುಶಲ ಗನ್‌ಸ್ಮಿತ್‌ನ ಕೆಲಸ. ಎಲ್ಲಿ ಕೊರೆಯಬೇಕು, ಎಷ್ಟು ಆಳ ಎಂಬುದರಲ್ಲಿ ಕೂದಲೆಳೆಯಷ್ಟು ತಪ್ಪಿದರೂ ರಿವಾಲ್ವರು ಕೆಟ್ಟಿತು.

ಕೂರಿಸುವ ಕ್ರಮ

ತೂತುಗಳು ಮೊದಲೇ ಇರುವ ರಿವಾಲ್ವರನ್ನು ತೆಗೆದುಕೊಂಡು ಕ್ರಮವನ್ನು ವಿವರಿಸುತ್ತೇವೆ. ವಿದೇಶದಲ್ಲಿ ನೆಲೆಸಿದ ನಮ್ಮ ಕಡೆಯವರಿಗೆ ಇದು ನೇರವಾಗಿ ಉಪಯೋಗಕ್ಕೆ ಬಂದೀತು. ಇಲ್ಲಿಯವರಿಗೆ, ದುರಸ್ತಿಗಾರನ ಕೆಲಸ ಸರಿಯಾಗಿದೆಯೇ ಎಂದು ಪರೀಕ್ಷಿಸಲು ಬಂದೀತು.

ಸಿಲಿಂಡರನ್ನು ಹೊರಳಿಸಿ ತೋಟೆಗಳನ್ನೆಲ್ಲ ತೆಗೆದು, ಪ್ರತಿ ಗೂಡಿಗೂ ಬೆರಳಿಟ್ಟು ನೋಡಿ, ತೋಟೆಗಳನ್ನು ಬೇರೆ ಕೋಣೆಯಲ್ಲಿಡಬೇಕು. ಮೇಜಿನ ಮೇಲೆ ಒಂದೂ ತೋಟೆ ಇರಕೂಡದು. ಬಿಚ್ಚಿದ ಹಿಂಗುರಿಯನ್ನೂ ಅದರ ತಿರುಪುಮೊಳೆಗಳನ್ನೂ ಡಬ್ಬಿಯಲ್ಲಿ ಹಾಕಿ ಹೆಸರು ಬರೆದಿಡಿ. ಮುಂದೆ ದರ್ಶಕ ಬೇಡವೆನಿಸಿದಾಗ ಅವುಗಳ ಬೆಲೆ ತಿಳಿಯುತ್ತದೆ. ತೂತುಗಳೊಳಗಿನ ಎಣ್ಣೆಯನ್ನು ಸ್ಪಿರಿಟಿನಲ್ಲಿ ಅದ್ದಿದ ಬಟ್ಟೆಯಿಂದ ಪೂರ್ತಿ ಒರೆಸಬೇಕು. ಎಣ್ಣೆ ಉಳಿದರೆ ತಿರುಪು ಬಿಗಿಯುವ ಅಂಟು ಹಿಡಿಯುವುದಿಲ್ಲ.

ಮೊದಲ ಸಲ ಅಂಟು ಹಾಕದೆ ಪೀಠಪಟ್ಟಿಯನ್ನು ಹಗುರವಾಗಿ ಬಿಗಿದು ನೋಡಬೇಕು. ರಿವಾಲ್ವರಿಗೆ ಮಾತ್ರ ಇರುವ ತೊಂದರೆಗಳು ಈ ಹಂತದಲ್ಲಿ ಹೊರಬೀಳುತ್ತವೆ. ತಿರುಪುಮೊಳೆ ಒಂದು ಎಳೆಯಷ್ಟು ಉದ್ದವಾಗಿದ್ದರೆ ಅದರ ತುದಿ ಮೇಲ್ಪಟ್ಟಿಯ ಅಡಿಯಿಂದ ಹೊರಬಂದು ಸಿಲಿಂಡರನ್ನು ಉಜ್ಜುತ್ತದೆ, ಇಲ್ಲವೇ ತಡೆದು ನಿಲ್ಲಿಸುತ್ತದೆ. ಸಿಲಿಂಡರನ್ನು ಹೊರಳಿಸಿ ಪಟ್ಟಿಯ ಅಡಿಯನ್ನು ಬೆರಳಿನಿಂದ ಸವರಿ ನೋಡಿ. ಮುಚ್ಚಿ, ಎಲ್ಲ ಗೂಡುಗಳೂ ಒಂದು ಸುತ್ತು ತಿರುಗುವಂತೆ ಮಾಡಿ. ಬಳಿಕ ಕುದುರೆಯನ್ನು ಪೂರ್ತಿ ಹಿಂದಕ್ಕೆಳೆದು ನಿಧಾನವಾಗಿ ಇಳಿಸಿ. ಕುದುರೆಯ ಕೊಂಬು ಮೇಲೇರುವ ದಾರಿಯಲ್ಲಿ ದರ್ಶಕದ ಹಿಂಭಾಗವು ಚಾಚಿಕೊಂಡಿದ್ದರೆ ಎರಡೂ ತಾಗುತ್ತವೆ. ಕುದುರೆಗೆ ಪೂರ್ಣ ಪೆಟ್ಟು ಕೊಡಲಾಗದೆ ತೋಟೆ ಹಾರದೆ ಹೋಗಬಹುದು. ಹೆಬ್ಬೆರಳಿನಿಂದ ಕುದುರೆ ಹಿಡಿಯಲು ಜಾಗವಿದೆಯೇ ಎಂಬುದನ್ನೂ ಆಗಲೇ ನೋಡಬೇಕು. ಜಾಗವಿಲ್ಲದೆ ಹೆಬ್ಬೆರಳು ಜಾರಿದರೆ ಏನಾಗುವುದೆಂದು ಬರೆದು ತಿಳಿಸಬೇಕಾಗಿಲ್ಲ.

ಎಲ್ಲ ಸರಿಯೆಂದು ಕಂಡ ಮೇಲೆ ತಿರುಪುಗಳನ್ನು ಬಿಚ್ಚಿ, ಎಳೆಗಳಿಗೆ ನೀಲಿ ಬಣ್ಣದ ತಿರುಪಂಟನ್ನು ಒಂದು ಹನಿ ಮಾತ್ರ ಹಚ್ಚಿ, ಮುಂದಿನದು ಹಿಂದಿನದು ಎಂದು ಬದಲಿಸಿ ಬದಲಿಸಿ ಬಿಗಿಯಬೇಕು. ಕೆಂಪು ಅಂಟು ಬೇಡ. ಅದನ್ನು ಬಿಚ್ಚಬೇಕಾದರೆ ಕಾಯಿಸಬೇಕಾಗುತ್ತದೆ. ಅಂಟು ಹೆಚ್ಚಾದರೆ ಕೆಳಗಿಳಿದು ಯಂತ್ರಭಾಗವನ್ನು ಹಿಡಿದುಕೊಳ್ಳುವುದೂ ಉಂಟು. ಎಷ್ಟು ಬಿಗಿ ಎಂಬುದು ಪೀಠದೊಂದಿಗೆ ಬರುವ ಚೀಟಿಯಲ್ಲಿರುತ್ತದೆ. ಸಾಮಾನ್ಯವಾಗಿ ಅಂಗುಲ-ಪೌಂಡು ಲೆಕ್ಕದಲ್ಲಿ 15ರ ಆಸುಪಾಸು. 17 ಸೆಂಟಿಮೀಟರು ಉದ್ದದ ಹಿಡಿಕೆಯ ತುದಿಗೆ ಒಂದು ಕಿಲೋ ತೂಗುಹಾಕಿದರೆ ಬೀಳುವ ಬಲ ಅದು. ಪಂಪ್‌ಸೆಟ್ಟಿನ ನಟ್ಟು ಬಿಗಿದು ಅಭ್ಯಾಸವಾದ ಕೈಗೆ ಇದು ಏನೇನೂ ಅಲ್ಲ ಎನಿಸುತ್ತದೆ. ಹಾಗೆ ಎನಿಸುವುದರಿಂದಲೇ ಸಣ್ಣ ತಿರುಪುಗಳ ಕತ್ತು ಮುರಿಯುವುದು. ಬಲ ಅಳೆಯುವ ತಿರುಪುಳಿ ಇದ್ದರೆ ಅದನ್ನೇ ಬಳಸಿ. ಬಿಗಿದಾದ ಮೇಲೆ ಪ್ರತಿ ತಿರುಪಿನ ತಲೆಯಿಂದ ಪೀಠದ ಮೇಲಕ್ಕೆ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡ ದಿನ ತಿರುಪು ಸಡಿಲವಾಗಿದೆ ಎಂದು ಅರ್ಥ. ಅಂಟು ಗಟ್ಟಿಯಾಗಲು ಒಂದು ಹಗಲು ಒಂದು ರಾತ್ರಿ ಬಿಡಬೇಕು. ದರ್ಶಕವನ್ನು ಪೀಠಕ್ಕೆ ಹಿಡಿಸುವುದೂ ಹೀಗೆಯೇ.

ಗುರಿ ಹೊಂದಿಸುವುದು

ರೈಫಲಿನ ಬೋಲ್ಟು ತೆಗೆದು ಹಿಂದಿನಿಂದ ನಳಿಗೆಯೊಳಗೆ ಇಣುಕಿ ಗುರಿಯನ್ನು ಸುಮಾರಾಗಿ ಹೊಂದಿಸಬಹುದು. ರಿವಾಲ್ವರಿನಲ್ಲಿ ಚೌಕಟ್ಟು ಅಡ್ಡವಿರುವುದರಿಂದ ಹಾಗೆ ಇಣುಕಲು ಬಾರದು. ಆದುದರಿಂದ ಮೊದಲ ಈಡುಗಳನ್ನು ಹತ್ತಿರದಿಂದಲೇ, ಐದು ಮೀಟರಿನಿಂದ, ದೊಡ್ಡ ಕಾಗದದ ಮೇಲೆ ಹಾರಿಸಿ, ಬಳಿಕ 10 ಮೀಟರಿಗೆ, 15 ಮೀಟರಿಗೆ ಹೋಗುವುದು ಕ್ರಮ. ಒಂದು ಈಡನ್ನು ನೋಡಿ ತಿರುಪು ತಿರುಗಿಸಬಾರದು. ಕೈಯನ್ನು ಮರಳುಚೀಲದ ಮೇಲೆ ಊರಿ ಐದು ಈಡು ಹಾರಿಸಿ, ಆ ಐದರ ನಡುವನ್ನು ಗುರುತಿಸಬೇಕು.

ಲೆಕ್ಕ ಹೀಗೆ. ಹೆಚ್ಚಿನ ದರ್ಶಕಗಳಲ್ಲಿ ತಿರುಪಿನ ಒಂದು ಟಿಕ್‌ಗೆ ಒಂದು ಎಂ.ಓ.ಎ. ಸರಿಯುತ್ತದೆ. 10 ಮೀಟರಿನಲ್ಲಿ ಅದು 3 ಮಿಲಿಮೀಟರಿಗೆ ತುಸು ಕಡಿಮೆ. ಐದು ಈಡುಗಳ ನಡುವು 30 ಮಿಲಿಮೀಟರು ಕೆಳಗೂ 15 ಮಿಲಿಮೀಟರು ಎಡಕ್ಕೂ ಇದ್ದರೆ ಮೇಲಕ್ಕೆ 10 ಟಿಕ್, ಬಲಕ್ಕೆ 5 ಟಿಕ್. ಮತ್ತೆ ಐದು ಈಡು. ಮತ್ತೆ ನೋಡುವುದು.

ಒಂದು ವಿಷಯ ಹೊಸಬರನ್ನು ಗೊಂದಲಕ್ಕೆ ಹಾಕುತ್ತದೆ. ದರ್ಶಕದ ನಡುವು ನಳಿಗೆಯ ನಡುವಿಗಿಂತ ಸುಮಾರು 30 ಮಿಲಿಮೀಟರು ಮೇಲಿರುತ್ತದೆ. 15 ಮೀಟರಿಗೆ ಚುಕ್ಕಿಯೂ ಗುಂಡೂ ಒಂದೇ ಕಡೆ ಸೇರುವಂತೆ ಹೊಂದಿಸಿದರೆ, 5 ಮೀಟರಿನಲ್ಲಿ ಗುಂಡು ಚುಕ್ಕಿಗಿಂತ 20 ಮಿಲಿಮೀಟರು ಕೆಳಗೇ ಬೀಳುತ್ತದೆ. ಅದು ದರ್ಶಕದ ದೋಷವಲ್ಲ. ತೋಟೆ ಬದಲಿಸಿದರೂ ಗುರಿ ಬದಲಾಗುತ್ತದೆ. ರಿವಾಲ್ವರಿನಲ್ಲಿ ಭಾರದ, ನಿಧಾನದ ಗುಂಡು ಸಾಮಾನ್ಯವಾಗಿ ಮೇಲಕ್ಕೆ ಬೀಳುತ್ತದೆ ಎಂದರೆ ಹಲವರು ನಂಬುವುದಿಲ್ಲ. ನಿಧಾನದ ಗುಂಡು ನಳಿಗೆಯಿಂದ ಹೊರಬೀಳುವಷ್ಟರಲ್ಲಿ ಹಿಮ್ಮೆಟ್ಟುವ ಬಲದಿಂದ ನಳಿಗೆಯ ಮೂತಿ ಹೆಚ್ಚು ಎದ್ದಿರುತ್ತದೆ, ಅಷ್ಟೇ ಕಾರಣ. ಯಾವ ತೋಟೆಗೆ ಹೊಂದಿಸಿದಿರೋ ಅದನ್ನೇ ಮುಂದೆಯೂ ಬಳಸುವುದು ಸರಿ.

ಇದೆಲ್ಲವೂ ರೈಫಲ್ ಕ್ಲಬ್ಬಿನ ಗುಂಡಾಭ್ಯಾಸದ ಮೈದಾನದಲ್ಲಿ, ಮಣ್ಣಿನ ದಿಬ್ಬದ ಎದುರು ಆಗಬೇಕಾದ ಕೆಲಸ. ತೋಟದಲ್ಲಿ ಹಲಸಿನ ಮರಕ್ಕೆ ಕಾಗದ ಕಟ್ಟಿ ನೋಡುವ ಚಪಲ ಬೇಡ. ಸಣ್ಣದೆನ್ನುವ .32 ಗುಂಡೂ ತಡೆಯಿಲ್ಲದಿದ್ದರೆ ಒಂದು ಕಿಲೋಮೀಟರಿಗೂ ಮೀರಿ ಹೋಗಬಲ್ಲದು. ಕಾಫಿ ಗಿಡದ ಎಲೆಯ ಮರೆಯಲ್ಲಿ ಕಳೆ ತೆಗೆಯುವವರೋ, ಕೊಯ್ಲಿನವರೋ ಇರುವುದು ಗುರಿ ಹಿಡಿದವನಿಗೆ ಕಾಣುವುದಿಲ್ಲ.

ಬಳಸುವಾಗ ಎರಡೂ ಕಣ್ಣು ತೆರೆದಿರಲಿ, ದೃಷ್ಟಿ ಚುಕ್ಕಿಯ ಮೇಲಲ್ಲ, ಗುರಿಯ ಮೇಲಿರಲಿ. ಬೆಳಕು ಅತಿಯಾಗಿದ್ದರೆ ಚುಕ್ಕಿ ಊದಿಕೊಂಡು ಗುರಿಯನ್ನೇ ನುಂಗುತ್ತದೆ. ಕಾಣುವಷ್ಟು ಮಾತ್ರ ಇಡಬೇಕು. ರಿವಾಲ್ವರು ಎತ್ತಿದೊಡನೆ ಚುಕ್ಕಿ ಕಾಣದೆ ಗಾಜಿನಲ್ಲಿ ತಡಕಾಡುವುದು ಹೊಸಬರೆಲ್ಲರ ಪಾಡು. ಮಣಿಕಟ್ಟು ತುಸು ಮೇಲೆ ಕೆಳಗೆ ಆದರೆ ಚುಕ್ಕಿ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ತೋಟೆಯಿಲ್ಲದ ರಿವಾಲ್ವರಿನಲ್ಲಿ ದಿನಕ್ಕೆ ಹತ್ತಿಪ್ಪತ್ತು ಸಲ ಎತ್ತಿ ಇಳಿಸಿ ಕೆಲವು ವಾರ ಅಭ್ಯಾಸ ಮಾಡಿದರೆ ಕೈಗೆ ಹತ್ತುತ್ತದೆ. ಅಷ್ಟು ಅಭ್ಯಾಸ ಮಾಡಲಾರದವರು ದರ್ಶಕವನ್ನು ಕೊಳ್ಳದಿರುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ನಮ್ಮ ರಿವಾಲ್ವರುಗಳ ಮಾತು

ನಮ್ಮ ಸದಸ್ಯರಲ್ಲಿ ಹೆಚ್ಚಾಗಿ ಇರುವುದು ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರು. ಆರ್ಡ್‌ನೆನ್ಸ್ ಕಾರ್ಖಾನೆಗಳ ಮಂಡಳಿಯನ್ನು 2021ರ ಅಕ್ಟೋಬರಿನಲ್ಲಿ ಏಳು ಕಂಪನಿಗಳಾಗಿ ವಿಂಗಡಿಸಿದ ಮೇಲೆ ಆ ಕಾರ್ಖಾನೆಯು ಅಡ್ವಾನ್ಸ್ಡ್ ವೆಪನ್ಸ್ ಅಂಡ್ ಇಕ್ವಿಪ್‌ಮೆಂಟ್ ಇಂಡಿಯಾ ಎಂಬ ಕಂಪನಿಗೆ ಸೇರಿದೆ. ಈ ರಿವಾಲ್ವರು ಇಂಗ್ಲೆಂಡಿನ ವೆಬ್ಲಿ ಮಾದರಿಯದು. ಮೇಲಿನ ಚಿಲಕವನ್ನು ಒತ್ತಿದರೆ ನಳಿಗೆಯೂ ಸಿಲಿಂಡರೂ ಕೂಡಿ ಮುಂದಕ್ಕೆ ಬಾಗಿ, ಖಾಲಿ ತೋಟೆಗಳು ಹೊರಬೀಳುತ್ತವೆ. ಸೊಗಸಾದ ಏರ್ಪಾಡು. ಆದರೆ ದರ್ಶಕಕ್ಕೆ ಬೇಕಾದ ಅಲುಗದ ಪೀಠ ಇದರಲ್ಲಿಲ್ಲ. ವೆಬ್ಲಿ ಮಾದರಿಯಲ್ಲಿ ಹಿಂಗುರಿಯ ಸೀಳು ಇರುವುದು ಆ ಚಿಲಕದ ಮೇಲೆಯೇ. ಅಲ್ಲಿ ಬಿಚ್ಚಿ ಕೂರಿಸುವ ಎಲೆಯೂ ಇಲ್ಲ, ಕಾರ್ಖಾನೆಯ ತೂತೂ ಇಲ್ಲ. ಮೇಲ್ಪಟ್ಟಿ ತೆಳು. ತೆರೆದು ಮುಚ್ಚುವ ಕೀಲು ಸವೆದಂತೆ ನಳಿಗೆಯೂ ಚೌಕಟ್ಟೂ ಕೂದಲೆಳೆಯಷ್ಟು ಆಡುತ್ತವೆ. ಮೂರಂಗುಲ ನಳಿಗೆಯ, ಹತ್ತಿರದ ರಕ್ಷಣೆಗೆಂದು ಮಾಡಿದ ಇಂತಹ ಆಯುಧದ ಮೇಲೆ ಗಾಜು ಕೂರಿಸುವುದು ಎತ್ತಿನಗಾಡಿಗೆ ವೇಗದ ಮೀಟರು ಹಾಕಿದಂತೆ. 2014ರಲ್ಲಿ ಕಾನ್ಪುರದಿಂದಲೇ ಬಂದ ನಿರ್ಭೀಕ್ ಎಂಬ ಹಗುರ ರಿವಾಲ್ವರು ಅರ್ಧ ಕಿಲೋ ತೂಕದ್ದು, ಕೈಚೀಲದಲ್ಲಿ ಇಡಲೆಂದು ಮಾಡಿದ್ದು. ಅದರ ಉದ್ದೇಶವೇ ಬೇರೆ.

ಇನ್ನು ಕಾನೂನು. 1959ರ ಆಯುಧ ಕಾಯಿದೆಯ 5ನೇ ಕಲಮಿನಂತೆ ಬಂದೂಕನ್ನು ತಯಾರಿಸುವುದು, ಮಾರ್ಪಡಿಸುವುದು, ದುರಸ್ತಿ ಮಾಡುವುದು ಇವಕ್ಕೆಲ್ಲ ಪ್ರತ್ಯೇಕ ಲೈಸೆನ್ಸು ಬೇಕು. ಇಟ್ಟುಕೊಳ್ಳುವ ಲೈಸೆನ್ಸು ಇದ್ದವನಿಗೆ ಕೊರೆಯುವ ಲೈಸೆನ್ಸು ಇದ್ದಂತಾಗಲಿಲ್ಲ. 2019ರ ತಿದ್ದುಪಡಿಯ ಬಳಿಕ ಇದನ್ನು ಮೀರಿದವರಿಗೆ ಏಳು ವರ್ಷಕ್ಕೆ ಕಡಿಮೆಯಿಲ್ಲದ ಸೆರೆವಾಸ. ಪಂಪು ರಿಪೇರಿಯವನಲ್ಲಿ ಒಳ್ಳೆಯ ಕೊರೆಯುವ ಯಂತ್ರವಿದೆ, ಅರ್ಧ ಗಂಟೆಯ ಕೆಲಸ, ಎಂದು ಹೇಳುವ ಸ್ನೇಹಿತರು ಊರಿಗೊಬ್ಬರಿರುತ್ತಾರೆ. ಅವರ ಮಾತು ಕೇಳಿ ಕೊರೆಸಿದರೆ ಕೊರೆದವನೂ ಕೊರೆಸಿದವನೂ ಕೂಡಿಯೇ ಸಿಕ್ಕಿಬೀಳಬೇಕಾದೀತು. ಕೊಡಗಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರವು 2019ರಲ್ಲಿ ಹತ್ತು ವರ್ಷಗಳಿಗೆ, 2029ರ ಅಕ್ಟೋಬರ್ ಕೊನೆಯ ವರೆಗೆ, ವಿಸ್ತರಿಸಿದೆ. ಅದು ಕೋವಿ ಹೊಂದುವುದಕ್ಕೆ ಮತ್ತು ಒಯ್ಯುವುದಕ್ಕೆ ಸಂಬಂಧಿಸಿದ್ದು, ಮನೆಯಲ್ಲಿ ಕಮ್ಮಟ ಹೂಡುವುದಕ್ಕಲ್ಲ. ತೂತಿರುವ ವಿದೇಶೀ ರಿವಾಲ್ವರನ್ನು ಹಿರಿಯರಿಂದ ಪಡೆದವರು ಯಾರಾದರೂ ಇದ್ದರೆ, ದರ್ಶಕವನ್ನು ತರಿಸುವ ಮೊದಲೇ ಲೈಸೆನ್ಸು ಕೊಟ್ಟ ಅಧಿಕಾರಿಗೆ ಬರೆದು ಕೇಳಿ, ಉತ್ತರವನ್ನು ಕಾಗದದಲ್ಲಿ ಪಡೆದು, ಲೈಸೆನ್ಸುಳ್ಳ ದುರಸ್ತಿಗಾರನಲ್ಲಿಯೇ ಕೂರಿಸತಕ್ಕದ್ದು. ಊರಿಗೆ ಬರುವ ಮಗನ ಪೆಟ್ಟಿಗೆಯಲ್ಲಿ ಸದ್ದಿಲ್ಲದೆ ತರಿಸುವುದು ಬೇಡ.

ಗಾಜಿಲ್ಲದೆ ಮಾಡಬಹುದಾದದ್ದು

ಮಸುಕಾದ ಗುರಿಗೆ ಅಗ್ಗದ ಪರಿಹಾರಗಳು ಇಲ್ಲದಿಲ್ಲ. ಒಲಿಂಪಿಕ್ಸಿನ ಪಿಸ್ತೂಲು ಪಂದ್ಯಗಳಲ್ಲಿ ಚುಕ್ಕಿ ದರ್ಶಕಕ್ಕೆ ಅನುಮತಿಯೇ ಇಲ್ಲ. 2012ರಲ್ಲಿ ಲಂಡನ್ನಿನಲ್ಲಿ ವಿಜಯ ಕುಮಾರ್ ಬೆಳ್ಳಿ ಗೆದ್ದದ್ದೂ, 2024ರಲ್ಲಿ ಪ್ಯಾರಿಸಿನಲ್ಲಿ ಮನು ಭಾಕರ್ ಕಂಚು ಗೆದ್ದದ್ದೂ ಸೀಳು ಮತ್ತು ಮೊಳೆಯ ಗುರಿಯಿಂದಲೇ. ಕನ್ನಡಕದವರಲ್ಲಿ ಹೋಗಿ, ಕೈ ನೀಡಿದಾಗ ಮುಂಗುರಿ ಎಷ್ಟು ದೂರದಲ್ಲಿರುತ್ತದೆ ಎಂಬುದನ್ನು ದಾರದಿಂದ ಅಳೆದು ತೋರಿಸಿ. ದೂರದ ಪವರಿಗೆ ಅರ್ಧದಿಂದ ಮುಕ್ಕಾಲು ಸೇರಿಸಿದ ಒಂದು ಗಾಜು ಹಾಕಿಸಿಕೊಂಡರೆ ಮೊಳೆ ಮತ್ತೆ ನಿಚ್ಚಳವಾಗುತ್ತದೆ, ಗುರಿಯೂ ತೀರಾ ಮಸುಕಾಗುವುದಿಲ್ಲ. ಎರಡು ಭಾಗದ ಕನ್ನಡಕದ ಕೆಳಗಿನ ತುಂಡಿನಿಂದ ನೋಡಲು ತಲೆ ಎತ್ತಿ ಗುರಿ ಹಿಡಿಯುವವರಿದ್ದಾರೆ. ಅದರಿಂದ ಕತ್ತು ನೋಯುವುದಲ್ಲದೆ ಬೇರೆ ಲಾಭವಿಲ್ಲ. ಬಿಸಿಲಿನಲ್ಲಿ ಮೊಳೆ ಹೊಳೆದು ಕಣ್ಣು ಕುಕ್ಕಿದರೆ ಕರ್ಪೂರ ಹೊತ್ತಿಸಿ ಅದರ ಹೊಗೆಯಲ್ಲಿ ಮೊಳೆಯನ್ನು ಕಪ್ಪು ಮಾಡಬಹುದು. ಗುರಿಪಂದ್ಯದವರು ಹಿಂದಿನಿಂದಲೂ ಮಾಡುತ್ತ ಬಂದ ಉಪಾಯ ಇದು. ತೋಟೆ ತೆಗೆದಿರಬೇಕೆಂದು ಮತ್ತೆ ಹೇಳುತ್ತೇವೆ. ಸಂಜೆಗತ್ತಲಿಗೆ ಮೊಳೆಯ ಹಿಂಬದಿಗೆ ಬಿಳಿಯ ಅಥವಾ ಕಿತ್ತಳೆ ಬಣ್ಣದ ಒಂದು ಬೊಟ್ಟು ಸಾಕು.

ಮಳೆಗಾಲದ ಜೋಪಾನ

ದರ್ಶಕ ಇರುವವರಿಗೆ ನಮ್ಮ ಸೀಮೆಯ ದೊಡ್ಡ ಶತ್ರು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ತೇವ. ಕ್ಯಾಮೆರಾದ ಗಾಜಿನಲ್ಲಿ ಜೇಡರಬಲೆಯಂತೆ ಬೂಷ್ಟು ಹಿಡಿಯುವುದನ್ನು ಕಂಡವರಿಗೆ ಹೇಳಬೇಕಾಗಿಲ್ಲ, ಇದಕ್ಕೂ ಅದೇ ಗತಿ. ಚರ್ಮದ ಚೀಲದಲ್ಲಿ ರಿವಾಲ್ವರನ್ನು ತಿಂಗಳುಗಟ್ಟಲೆ ಇಡಬಾರದು. ಚರ್ಮವು ನೀರು ಕುಡಿದು ಉಕ್ಕಿಗೆ ತುಕ್ಕನ್ನೂ ಗಾಜಿಗೆ ಬೂಷ್ಟನ್ನೂ ಹಂಚುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಟ್ಟು, ಪೊಟ್ಟಣದ ಹರಳು ಬಣ್ಣಗೆಟ್ಟಾಗ ಒಣಗಿಸಿ ಮತ್ತೆ ಹಾಕಿ. ಡಬ್ಬಿಗೂ ಬೀಗವಿರಲಿ.

ಗುಂಡು ಹಾರಿಸಿದ ಮೇಲೆ ಸಿಲಿಂಡರಿನ ಸಂದಿನಿಂದ ಚಿಮ್ಮಿದ ಮಸಿ ಗಾಜಿನ ಮುಂಬದಿಗೆ ಅಂಟಿಕೊಂಡಿರುತ್ತದೆ. ಪಂಚೆಯ ತುದಿಯಿಂದ ಒಣದಾಗಿ ಉಜ್ಜಿದರೆ ಲೇಪಕ್ಕೆ ಗೀರು ಬೀಳುತ್ತದೆ. ಊದಿ, ಗಾಜಿನ ದ್ರವದಿಂದ ನೆನೆಸಿ, ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ನಳಿಗೆಗೆ ಹಾಕುವ ದ್ರಾವಣ ಗಾಜಿಗೆ ತಾಗದಿರಲಿ.

ಬಿಲ್ಲೆಯಂತಹ ಬ್ಯಾಟರಿಯನ್ನು ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಮುಂಗಾರಿಗೆ ಮೊದಲು ಬದಲಿಸುವ ಪದ್ಧತಿ ಇಟ್ಟುಕೊಂಡರೆ ಮರೆವಾಗುವುದಿಲ್ಲ. ಕೆಲವು ದರ್ಶಕಗಳಲ್ಲಿ ಬ್ಯಾಟರಿಯ ಬಾಗಿಲು ಅಡಿಯಲ್ಲಿರುವುದರಿಂದ ಪೀಠದಿಂದ ಬಿಚ್ಚಿಯೇ ಬದಲಿಸಬೇಕು. ಬಿಚ್ಚಿದರೆ ಗುರಿಯನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಕೊಳ್ಳುವಾಗ ಪಕ್ಕದಲ್ಲೋ ಮೇಲೋ ಬಾಗಿಲಿರುವುದನ್ನು ಆರಿಸಿದರೆ ಈ ತಾಪತ್ರಯವಿಲ್ಲ. ಚುನಾವಣೆಯ ಕಾಲಕ್ಕೆ ಆಯುಧವನ್ನು ಠೇವಣಿ ಇಡಬೇಕಾಗಿ ಬಂದಾಗ ಬ್ಯಾಟರಿಯನ್ನು ತೆಗೆದಿಟ್ಟು, ರಸೀದಿಯಲ್ಲಿ ದರ್ಶಕಸಹಿತ ಎಂದು ಬರೆಸಿಕೊಳ್ಳಿ. ಹಿಂದಕ್ಕೆ ಪಡೆದ ದಿನ ತಿರುಪಿನ ಮೇಲಿನ ಬಿಳಿ ಗೆರೆಗಳು ನೇರವಾಗಿವೆಯೇ ಎಂದು ನೋಡಿಯೇ ಮನೆಗೆ ಒಯ್ಯಿರಿ.